ಗೈಡ್ ಬೇಡದ ಭಾವ

"ದುಡ್ಡು ಕೊಟ್ಟು ಇನ್ನೊಬ್ಬನ ಹಿಂದೆ ಕುರಿ ಥರ ಹೋಗೋದಕ್ಕೆ ಇಷ್ಟು ದೂರ ಬರಬೇಕಿತ್ತೇನಯ್ಯ?" ಎಂದು ಭಾವ ಬ್ಯೂನಸ್ ಐರಿಸ್‌ನ ಹೋಟೆಲಿನಲ್ಲಿ ಘೋಷಿಸಿದರು. ಅಕ್ಕನೂ ನಾನೂ ತಲೆಯಾಡಿಸಿ, ಕುರಿಗಳ ಹಾಗೆ ಅವರ ಹಿಂದೆ ಹೊರಟೆವು.

ಈ ಜಾತಿಯವರನ್ನು ನೀವೂ ನೋಡಿರುತ್ತೀರಿ. ಹಳೇಬೀಡಿನಲ್ಲಿ ಗೈಡ್ ಎದುರಾದರೆ "ನಮಗೆ ಗೊತ್ತಪ್ಪ" ಎಂದು ಸಾಗಿಹಾಕಿ, ಪಕ್ಕದ ಗುಂಪಿನ ಗೈಡ್ ಹೇಳುವುದು ಕಿವಿಗೆ ಬೀಳುವಷ್ಟು ದೂರದಲ್ಲಿ ನಿಂತು ಕಂಬ ಸವರುತ್ತಿರುತ್ತಾರಲ್ಲ, ಅವರೇ.

ನಿಜ ಹೇಳಬೇಕೆಂದರೆ ಬ್ಯೂನಸ್ ಐರಿಸ್‌ಗೆ ಗೈಡ್ ಬೇಕಾಗಿಯೂ ಇಲ್ಲ. ನಡುಪೇಟೆಯ ಬೀದಿಗಳೆಲ್ಲ ಚದುರಂಗದ ಮಣೆಯಂತೆ. ಒಂದೊಂದು ಚೌಕಕ್ಕೆ ನೂರು ಮನೆ ನಂಬರು. ಕುತಂತ್ರವಿರುವುದು ಒಂದೇ ಕಡೆ. ರಿವಾದಾವಿಯಾ ಎಂಬ ರಸ್ತೆಯನ್ನು ದಾಟಿದ ಕೂಡಲೇ ಉತ್ತರ-ದಕ್ಷಿಣದ ಬೀದಿಗಳು ಹೆಸರು ಬದಲಿಸಿಕೊಳ್ಳುತ್ತವೆ. ಆಚೆ ಸುಯಿಪಾಚಾ ಆಗಿದ್ದದ್ದು ಈಚೆ ತಕುವಾರಿ. ನಮ್ಮ ಹೋಟೆಲು ಸುಯಿಪಾಚಾ ಬೀದಿಯಲ್ಲಿತ್ತು. 1858ರಿಂದ ನಡೆಯುತ್ತಿರುವ ಕಫೆ ತೋರ್ತೋನಿಯಲ್ಲಿ ಕಾಫಿ ಕುಡಿದು ಹೊರಬಂದು, ತಕುವಾರಿ ಮೂಲೆಯಲ್ಲಿ ನಿಂತೆವು. ನಾಲ್ಕು ಹೆಜ್ಜೆ ನೇರ ಹೋಗಿದ್ದರೆ ಸಾಕಿತ್ತು.

"ಇದು ನಮ್ಮ ಬೀದಿಯಲ್ಲ" ಎಂದರು ಭಾವ. "ರೀ, ಯಾರನ್ನಾದ್ರೂ ಕೇಳಿ" ಎಂದಳು ಅಕ್ಕ. ಭಾವ ಆಕಾಶ ನೋಡಿದರು. "ಡಿಸೆಂಬರ್ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ಹೋಟೆಲು ಉತ್ತರಕ್ಕೆ. ಬಿಸಿಲಿಗೆ ಬೆನ್ನು ಹಾಕಿ ನಡೀರಿ!"

ಮಂಡ್ಯದಲ್ಲಿ ಈ ಲೆಕ್ಕ ಸರಿ. ಭೂಮಧ್ಯರೇಖೆಯಿಂದ ಅಷ್ಟು ಕೆಳಗೆ ಮಧ್ಯಾಹ್ನದ ಸೂರ್ಯ ನಿಲ್ಲುವುದು ಉತ್ತರದಲ್ಲಿ. ಬೆನ್ನು ಬೇಯಿಸಿಕೊಂಡು ಅರ್ಧ ಗಂಟೆ ದಕ್ಷಿಣಕ್ಕೆ ನಡೆದೆವು.

ಕೊನೆಗೆ ಅಕ್ಕನೇ ಒಬ್ಬ ಮುದುಕಪ್ಪನನ್ನು ತಡೆದು "ಸುಯಿಪಾಚಾ?" ಎಂದಳು. ಆತ ನಾವು ಬಂದ ದಾರಿಯತ್ತ ಕೈ ಚಾಚಿ "ದೆರೇಚೋ, ದೆರೇಚೋ" ಎಂದ. ಸ್ಪ್ಯಾನಿಷ್‌ನಲ್ಲಿ ದೆರೇಚಾ ಎಂದರೆ ಬಲಕ್ಕೆ, ದೆರೇಚೋ ಎಂದರೆ ನೇರಕ್ಕೆ. ಭಾವನವರು ಹದಿನೈದು ದಿನ ಮೊಬೈಲಿನಲ್ಲಿ ಕಲಿತ ಸ್ಪ್ಯಾನಿಷ್‌ನಲ್ಲಿ ಕೊನೆಯ ಅಕ್ಷರಗಳಿಗೆ ಅಷ್ಟು ಬೆಲೆಯಿರಲಿಲ್ಲ. ಹಿಂದಿರುಗಿದೆವು, ಬಲಕ್ಕೆ ತಿರುಗಿದೆವು, ಪುಯೆರ್ತೋ ಮಾದೆರೋ ಹಡಗುಕಟ್ಟೆಯ ನೀರು ಕಾಣುವವರೆಗೂ ನಡೆದೆವು.

ಭಾವ ಬೆವರು ಒರೆಸಿಕೊಂಡು ಹೇಳಿದರು: "ಇದನ್ನ ತೋರಿಸೋಣ ಅಂತಲೇ ಈ ಕಡೆಯಿಂದ ಕರ್ಕೊಂಡು ಬಂದೆ."

ಮರುದಿನ ರೆಕೊಲೇತಾ ಸ್ಮಶಾನ. ಸ್ಮಶಾನವೆಂದರೆ ನಮ್ಮ ಊಹೆಯದಲ್ಲ. ಅಮೃತಶಿಲೆಯ ಗುಡಿಗಳ ಒಂದು ಪೇಟೆ, ಅದಕ್ಕೂ ಓಣಿಗಳು. ಎಲ್ಲರೂ ಹುಡುಕುವುದು ಎವಿಟಾ ಪೆರೋನ್ ಗೋರಿಯನ್ನು. ಪ್ರತಿ ಬಾಗಿಲ ಮೇಲೂ 'ಪೆರೋನ್' ಹುಡುಕುತ್ತ ಸುತ್ತಿ ಸುತ್ತಿ, ನಾಯಿಯ ತಲೆಯ ಮೇಲೆ ಕೈಯಿಟ್ಟು ನಿಂತ ಹುಡುಗಿಯೊಬ್ಬಳ ಕಂಚಿನ ಪ್ರತಿಮೆಯ ಮುಂದೆ ಭಾವ ನಿಂತುಬಿಟ್ಟರು. "ಸಿಕ್ತು!" ಎಂದು ಮಡಿಸಿದ ಕೊಡೆಯನ್ನು ಮೇಲೆತ್ತಿದರು.

ಅಲ್ಲೇ ಆದದ್ದು ಎಡವಟ್ಟು. ಆ ಓಣಿಗಳಲ್ಲಿ ಕೊಡೆ ಎತ್ತಿದವನೇ ಗೈಡ್. ಎಲ್ಲಿಂದಲೋ ನಾಲ್ಕು ಜನ ಬಂದು ಸುತ್ತ ನಿಂತರು. ಕೇಳುವ ಕಿವಿ ಕಂಡದ್ದೇ ತಡ, ಭಾವನವರ ಇಂಗ್ಲಿಷ್ ಹರಿಯತೊಡಗಿತು. ಬಡ ಹುಡುಗಿ ನಟಿಯಾದದ್ದು, ಅಧ್ಯಕ್ಷರ ಹೆಂಡತಿಯಾದದ್ದು, 1947ರಲ್ಲಿ ಹೆಂಗಸರಿಗೆ ಮತದಾನದ ಹಕ್ಕು, 1952ರಲ್ಲಿ ಮೂವತ್ಮೂರಕ್ಕೇ ಸಾವು. ಇಸವಿಗಳೆಲ್ಲ ಸರಿ, ಗೋರಿ ಮಾತ್ರ ತಪ್ಪು. ನಾಯಿಯನ್ನು ಬಿಟ್ಟರಾ? ಅದು ಬಡವರ ಮೇಲಿನ ಪ್ರೀತಿಯ ಸಂಕೇತವಾಯಿತು.

"ರೀ, ಹೆಸರು ಬೇರೆ ಇದೆಯಲ್ರೀ" ಎಂದಳು ಅಕ್ಕ ಮೆಲ್ಲಗೆ.

"ತವರುಮನೆ ಹೆಸರು ಕಣೇ."

ತವರುಮನೆ ಹೆಸರಿನ ಗೋರಿ ಎವಿಟಾಗೆ ನಿಜಕ್ಕೂ ಇದೆ. ಬಾಗಿಲ ಮೇಲೆ 'ಫಮಿಲಿಯಾ ದುವಾರ್ತೆ' ಎಂದು ಬರೆದ ಕಪ್ಪು ಕಲ್ಲಿನದು, ಇಕ್ಕಟ್ಟಿನ ಓಣಿಯಲ್ಲಿ. ಅದರ ಮುಂದೆ ನಾವು ಎರಡು ಸಲ ಹಾದುಹೋಗಿದ್ದೆವು ಎನ್ನುವುದು ರಾತ್ರಿ ನನ್ನ ಫೋಟೋ ನೋಡುವಾಗ ತಿಳಿಯಿತು. ನಾನು ಬಾಯಿ ಬಿಡಲಿಲ್ಲ. ಭಾವನ ಖರ್ಚಿನಲ್ಲಿ ಹೋಗಿದ್ದವನು ನಾನು.

ಭಾಷಣ ಮುಗಿದಾಗ ಗುಂಪಿನ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡು, ಭಾವನ ಕೈಗೆ ಮಡಿಸಿದ ನೋಟೊಂದನ್ನು ತುರುಕಿ ಹೋದರು. ಭಾವ ಬೇಡವೆನ್ನಲಿಲ್ಲ. ನೋಟು ಬಿಡಿಸಿ ನೋಡಿ, ಜೇಬಿಗಿಳಿಸಿ, ನನ್ನ ಕಡೆ ತಿರುಗಿದರು:

"ನೋಡಿದ್ಯಾ? ಗೈಡ್ ತಗೊಂಡಿದ್ದಿದ್ರೆ ಇದು ಅವನಿಗೆ ಹೋಗ್ತಿತ್ತು."