ತಾನೇ ನವೀಕರಣಗೊಳ್ಳುವ ಸದಸ್ಯತ್ವ: ಒಂದು ಸಂವಾದ

ಸ್ವಯಂಚಾಲಿತ ನವೀಕರಣವೆಂದರೆ, ಒಮ್ಮೆ ಕೊಟ್ಟ ಒಪ್ಪಿಗೆಯನ್ನೇ ಆಧಾರವಾಗಿಟ್ಟುಕೊಂಡು, ಅವಧಿ ಮುಗಿದೊಡನೆ ಸಂಸ್ಥೆಯು ಸದಸ್ಯರ ಖಾತೆಯಿಂದ ಶುಲ್ಕವನ್ನು ತಾನೇ ಎಳೆದುಕೊಳ್ಳುವ ಪದ್ಧತಿ. ಇದರ ಸ್ವರೂಪವು ನಿವೃತ್ತ ಮೇಷ್ಟ್ರೊಬ್ಬರಿಗೂ ಸಿನಿಮಾ ಆ್ಯಪ್ ಒಂದರ ಗ್ರಾಹಕ ಸೇವಾ ಪ್ರತಿನಿಧಿಗೂ ನಡೆಯುವ ಈ ಕಲ್ಪಿತ ಸಂವಾದದಲ್ಲಿ ತಕ್ಕಮಟ್ಟಿಗೆ ಗೋಚರಿಸುತ್ತದೆ.

ಮೇಷ್ಟ್ರು: ಒಂದು ತಿಂಗಳು ಪುಕ್ಕಟೆಯೆಂದು ಮೊಮ್ಮಗ ಒತ್ತಿದ ಗುಂಡಿಗೆ 1,499 ರೂಪಾಯಿ ಹೋಗಿದೆಯಲ್ಲಮ್ಮ?

ಪ್ರತಿನಿಧಿ: ಅಭಿನಂದನೆಗಳು ಸರ್, ತಮ್ಮ ಸದಸ್ಯತ್ವ ಒಂದು ವರ್ಷ ಮುಂದುವರಿದಿದೆ.

ಮೇಷ್ಟ್ರು: ರದ್ದು ಮಾಡಿಬಿಡು ತಾಯಿ.

ಪ್ರತಿನಿಧಿ: 'ಖಾತೆ', ಅದರೊಳಗೆ 'ಸೆಟ್ಟಿಂಗ್ಸ್', ಅದರ ತಳದಲ್ಲಿ ಬೂದುಬಣ್ಣದ ಸಣ್ಣ ಅಕ್ಷರ ಸರ್, ಒತ್ತಿದರೆ 'ನಮ್ಮನ್ನು ಬಿಟ್ಟುಹೋಗುವಿರಾ?' ಎಂದು ಕೇಳುತ್ತದೆ, ಅಲ್ಲಿ 'ಹೌದು' ಮಸುಕಾಗಿಯೂ 'ಇಲ್ಲ, ಇರುತ್ತೇನೆ' ದಪ್ಪಗೂ ಕಾಣುತ್ತದೆ.

ಮೇಷ್ಟ್ರು: ಸೇರುವಾಗ ಒಂದೇ ಗುಂಡಿಯಿತ್ತಲ್ಲ?

ಪ್ರತಿನಿಧಿ: ಸೇರುವವರಿಗೆ ತೊಂದರೆಯಾಗಬಾರದಲ್ಲ ಸರ್.

ಪ್ರತಿನಿಧಿಯ ಸೌಜನ್ಯದಲ್ಲಿ ಕೊರತೆಯಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಾದರೋ, ಸೇರುವುದನ್ನು ಸುಲಭಗೊಳಿಸಿ ಬಿಡುವುದನ್ನು ಕಠಿಣಗೊಳಿಸುವ ಇಂಥ ಏರ್ಪಾಡನ್ನು ಚಂದಾ ಬಲೆಯೆಂದು ಗುರುತಿಸಿ, 13 ವಂಚಕ ವಿನ್ಯಾಸಗಳ ಪಟ್ಟಿಯಲ್ಲಿ ಸೇರಿಸಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಾರ್ಡಿನಿಂದ ಮರುಕಳಿಸುವ ಪಾವತಿಗೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ಸೂಚನೆ ಕೊಡಬೇಕು, ಅನುಮತಿಯನ್ನು ಗ್ರಾಹಕರು ಯಾವಾಗ ಬೇಕಾದರೂ ಹಿಂಪಡೆಯಬಹುದು. (ಆ ಸೂಚನೆಯು ಸಾಲ ಬೇಕೇ ಎಂಬ ಹತ್ತಾರು ಸಂದೇಶಗಳ ನಡುವೆ ಹೂತುಹೋಗುತ್ತದೆಂಬುದು ಬೇರೆ ಮಾತು.) ಆದುದರಿಂದ ಸೌಜನ್ಯದೊಡನೆ ವಾದಕ್ಕಿಳಿಯದೆ, ಬ್ಯಾಂಕಿನಲ್ಲಿಯೋ ಯುಪಿಐ ಆ್ಯಪ್‌ನ ಆಟೋಪೇ ವಿಭಾಗದಲ್ಲಿಯೋ ಅನುಮತಿಯನ್ನು ರದ್ದುಪಡಿಸಿ, ಹಣ ಮರಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವುದು ಲೇಸು.