ಒಂದೇ ಗೇರಿನ ವೈರಾಗ್ಯ

(ಮೈಸೂರು, ಕುವೆಂಪುನಗರ. ಭಾನುವಾರದ ಎರಡನೇ ಕಾಫಿ.)

ಮಗ: ಅಪ್ಪಾ, ಸಿಂಗಲ್ ಸ್ಪೀಡ್ ರೋಡ್ ಬೈಕ್ ತಗೊಳ್ಳೋಣ ಅಂತಿದೀನಿ. 30,000.

ಅಪ್ಪ: ಎಷ್ಟು ಗೇರು?

ಮಗ: ಒಂದೇ.

ಅಪ್ಪ: ಉಳಿದವಕ್ಕೆ ಬೇರೆ ದುಡ್ಡಾ?

ಮಗ: ಗೇರು ಇಲ್ಲದಿರೋದೇ ಅದರ ಹೆಚ್ಚುಗಾರಿಕೆ! ಗೇರು ಬದಲಿಸೋ ಡಿರೇಲರ್ ಇಲ್ಲ, ಅದರ ಕೇಬಲ್ ಇಲ್ಲ. ತೂಕ ಕಡಿಮೆ, ರಿಪೇರಿ ಕಡಿಮೆ.

ಅಪ್ಪ: ಬೆಲೆ?

(ಮೌನ. ಸರಳ ಜೀವನದ ಚರ್ಚೆ ಸಾಮಾನ್ಯವಾಗಿ ನಿಲ್ಲುವುದು ಇಲ್ಲೇ.)

ಅಪ್ಪ: ನಮ್ಮ ಹಾಲಿನವನ ಸೈಕಲ್ಲೂ ಒಂದೇ ಗೇರು ಕಣೋ. ಎರಡು ಕ್ಯಾನ್ ಬೇರೆ ಹೊರ್ತಿತ್ತು.

ಮಗ: ಅದೇ ಬೇರೆ, ಇದೇ ಬೇರೆ. ಮುಂದೆ 46 ಹಲ್ಲು, ಹಿಂದೆ 16. ಒಂದು ಸುತ್ತು ತುಳಿದ್ರೆ ಆರು ಮೀಟರ್!

ಅಪ್ಪ: ಚಾಮುಂಡಿ ಬೆಟ್ಟಕ್ಕೆ?

ಮಗ: ಎದ್ದು ನಿಂತು ತುಳೀಬೇಕು. ಟೂರ್ ಡಿ ಫ್ರಾನ್ಸ್‌ನಲ್ಲಿ 1937ರಲ್ಲಿ ಡಿರೇಲರ್‌ಗೆ ಒಪ್ಪಿಗೆ ಸಿಗೋ ತನಕ ಸವಾರರು ಆಲ್ಪ್ಸ್ ಹತ್ತಲಿಲ್ವಾ? ಏರು ಬಂದಾಗ ಹಿಂದಿನ ಚಕ್ರ ಬಿಚ್ಚಿ ತಿರುಗಿಸಿ ಹಾಕ್ಕೊಳ್ತಿದ್ರು. ಆಚೆ ಮಗ್ಗುಲಲ್ಲಿ ಹೆಚ್ಚು ಹಲ್ಲಿರೋದು ಇರ್ತಿತ್ತು.

ಅಪ್ಪ: ಅಂದ್ರೆ ಅವರಿಗೂ ಎರಡು ಬೇಕಾಯ್ತು.

ಅಮ್ಮ (ಅಡುಗೆಮನೆಯಿಂದ): ತಗೊಳ್ಳಲಿ ಬಿಡೀಂದ್ರೆ. ಟ್ರೆಡ್‌ಮಿಲ್ ಮೇಲೆ ಬಟ್ಟೆ ಒಣಗಿಸೋಕೆ ಜಾಗ ಸಾಲ್ತಿಲ್ಲ.