ತ್ಯಾಗರಾಜನಗರದ ಸಮುರಾಯರು

ತ್ಯಾಗರಾಜನಗರದ ಅಡ್ಡರಸ್ತೆಗಳಲ್ಲಿ ಹುಡುಕಿದರೆ ಇಂಥದೊಂದು ಮನೆ ಸಿಕ್ಕೇ ಸಿಗುತ್ತದೆ. ಗೇಟಿನ ಒಳಗೆ ತುಳಸಿಕಟ್ಟೆ, ಹೊಸ್ತಿಲಿಗೆ ರಂಗೋಲಿ, ಯುಗಾದಿಗೆ ಕಟ್ಟಿ ಒಣಗಿಹೋದ ಮಾವಿನ ತೋರಣ, ಅದರ ಕೆಳಗೆ ನಡುವೆ ಸೀಳಿದ ನೀಲಿ ಪರದೆ. ಕ್ಷೌರದಂಗಡಿಯೆಂದು ತಿಳಿದು ಒಳಗೆ ಕಾಲಿಡಬೇಡಿ. ಅದು ನೊರೆನ್, ಕ್ಯೋಟೊದ ಅಂಗಡಿಗಳ ಬಾಗಿಲಲ್ಲಿ ಇಳಿಬಿಡುವಂಥದ್ದು. ಈ ಮನೆಯ ಯಜಮಾನರ ಹೆಸರು ಮತದಾರರ ಪಟ್ಟಿಯಲ್ಲಿ ಏನೇ ಇರಲಿ, ಸದ್ಯಕ್ಕೆ ಅವರನ್ನು ಸಮುರಾಯರು ಎನ್ನೋಣ. ಶಾಮರಾಯರು, ಸುಬ್ಬರಾಯರು ಇರುವ ಬಡಾವಣೆಯಲ್ಲಿ ಇದೇನೂ ಎದ್ದು ಕಾಣುವುದಿಲ್ಲ. ವಯಸ್ಸು ಐವತ್ತೈದು ದಾಟಿದೆ. ಬ್ಯಾಂಕಿನಿಂದಲೋ ಸಾರ್ವಜನಿಕ ಉದ್ದಿಮೆಯಿಂದಲೋ ವಿಆರ್‌ಎಸ್ ಪಡೆದು ಬಂದವರು. ಹಾಲಿನ ಗೋಡೆಯಲ್ಲಿ ಒಂದು ಕಡೆ ಮಂತ್ರಾಲಯದ ರಾಯರು, ಇನ್ನೊಂದು ಕಡೆ ಗಡ್ಡ ಕೆರೆದುಕೊಳ್ಳುತ್ತಿರುವ ಜಪಾನೀ ನಟ ತೊಶಿರೊ ಮಿಫುನೆ. ಶೋಕೇಸಿನಲ್ಲಿ ಗೊಂಬೆಹಬ್ಬದ ಪಟ್ಟದ ಗೊಂಬೆಗಳ ಕಾಲಬುಡದಲ್ಲಿ ಒಂದು ಕತಾನಾ ಖಡ್ಗ. ಅದರಲ್ಲಿ ಹಾಗಲಕಾಯಿಯನ್ನೂ ಹೆಚ್ಚಲಾಗದು. ಆ ಮನೆಯಲ್ಲಿ ನಿಜವಾಗಿ ಹರಿತವಾದ ಆಯುಧವೆಂದರೆ ಈಳಿಗೆಮಣೆ ಒಂದೇ, ಅದರ ಮೇಲೆ ಕೂರುವ ಅಧಿಕಾರ ರಾಯರಿಗಿಲ್ಲ.

ರಾಯರದು ಪರದೇಶದ ಹುಚ್ಚು ಎಂಬುದು ಎದುರುಮನೆಯವರ ತೀರ್ಪು. ನೂರಾರು ವರ್ಷದ ಸಂಸ್ಕೃತಿ ಕಾಲಬುಡದಲ್ಲೇ ಇರುವಾಗ ಸಮುದ್ರದಾಚೆಯದನ್ನು ತಲೆಯ ಮೇಲೆ ಹೊತ್ತಿದ್ದಾರೆ ಎಂದು ಬ್ಯೂಗಲ್ ರಾಕ್‌ನ ಕಲ್ಲುಬೆಂಚಿನ ಮೇಲೆ ಸಂಜೆ ಮಾತು ನಡೆಯುತ್ತದೆ. ನನ್ನ ವಾದ ಇದಕ್ಕೆ ನೇರ ಉಲ್ಟಾ. ಇಡೀ ಬಸವನಗುಡಿ ಸೀಮೆಯಲ್ಲಿ ಈಗ ಉಳಿದಿರುವ ಅಪ್ಪಟ ಸಂಪ್ರದಾಯಸ್ಥರೆಂದರೆ ಈ ಸಮುರಾಯರೇ. ಅಜ್ಜಿ ಹೇಳಿದಾಗ ಕೇಳದಿದ್ದದ್ದನ್ನೆಲ್ಲ ಅವರು ಜಪಾನಿನ ಬಾಯಲ್ಲಿ ಕೇಳಿ ಒಪ್ಪಿಕೊಂಡಿದ್ದಾರೆ, ಅಷ್ಟೆ. ಚಪ್ಪಲಿ ಹೊರಗೆ ಬಿಡು, ಕಾಲು ತೊಳೆದು ಬಾ, ನೆಲದ ಮೇಲೆ ಕೂತು ಉಣ್ಣು, ಎಲೆಯಲ್ಲಿ ಬಿಡಬೇಡ, ಹಿರಿಯರಿಗೆ ಬಗ್ಗು ಎಂಬ ಐದು ಆಜ್ಞೆಗಳನ್ನು ಬಾಲ್ಯದಲ್ಲಿ ಧಿಕ್ಕರಿಸಿ ಬೆಳೆದ ಹುಡುಗನೇ ಇಂದು ಕ್ಯೋಟೊದ ಸತ್ರವೊಂದರ ಹೊಸ್ತಿಲಲ್ಲಿ, ಹೊರಮುಖವಾಗಿ ಸಾಲಾಗಿ ಜೋಡಿಸಿಟ್ಟ ಪಾದರಕ್ಷೆಗಳ ಚಿತ್ರವನ್ನು ಮಂಡಿಯೂರಿ ತೆಗೆಯುತ್ತಾನೆ. ಜಪಾನೀ ಮನೆಗಳಲ್ಲಿ ಶೌಚಾಲಯಕ್ಕೇ ಬೇರೆ ಚಪ್ಪಲಿ ಇರುತ್ತದೆ. ಮೈ ತೊಳೆದುಕೊಂಡ ಮೇಲೆಯೇ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ಇದನ್ನೆಲ್ಲ ರಾಯರು ಬಾಯಿತುಂಬ ವರ್ಣಿಸುವಾಗ ಕೇಳುಗರಿಗೆ ಅನಿಸುವುದು ಒಂದೇ: ಅಜ್ಜಿಯ ಮಡಿಗೆ ಒಂದು ಪಾಸ್‌ಪೋರ್ಟ್ ಇದ್ದಿದ್ದರೆ ಆಕೆಗೂ ಈ ಮರ್ಯಾದೆ ಸಿಗುತ್ತಿತ್ತು.

ಪುರಾವೆ ಇನ್ನೂ ಇದೆ. ಲಾಲ್‌ಬಾಗಿನಲ್ಲಿ ಬೆಳಗಿನ ವಾಯುಸೇವನೆಯನ್ನು ರಾಯರ ತಂದೆ ಮಂಕಿಕ್ಯಾಪ್ ಹಾಕಿಕೊಂಡು ಜೀವಮಾನವಿಡೀ ಮಾಡಿದರು, ಅದಕ್ಕೊಂದು ಹೆಸರಿಡಬೇಕೆಂದು ಅವರಿಗೆ ಹೊಳೆಯಲಿಲ್ಲ. 1982ರಲ್ಲಿ ಜಪಾನಿನ ಅರಣ್ಯ ಇಲಾಖೆ ಅದಕ್ಕೆ ‘ಶಿನ್ರಿನ್ ಯೋಕು’, ಅಂದರೆ ಕಾಡಿನ ಸ್ನಾನ, ಎಂದು ನಾಮಕರಣ ಮಾಡಿತು. ಮಗ ಈಗ ಅದೇ ಸಂಪಿಗೆ ಮರದ ಕೆಳಗೆ ಅದೇ ಕಾಡಿನ ಸ್ನಾನ ಮಾಡುತ್ತಾರೆ, ಆದರೆ ಕಣ್ಣು ಮುಚ್ಚಿಕೊಂಡು. ಅವರ ತಲೆದಿಂಬಿನ ಪಕ್ಕದ ‘ಇಕಿಗಾಯ್’ ಪುಸ್ತಕ ಬರೆದವರು ಇಬ್ಬರು ಸ್ಪೇನಿನವರು. ‘ಬುಷಿದೊ’ ಎಂದು ಸಮುರಾಯ್ ಧರ್ಮವನ್ನು ಸಾರುವ ಇನ್ನೊಂದು ಪುಸ್ತಕವನ್ನು ನಿತೊಬೆ ಇನಾಜೊ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆದರು. ತಾವು ಕುಡಿಯುತ್ತಿರುವುದು ಪರರ ಫಿಲ್ಟರಿನಲ್ಲಿ ಇಳಿದ ಡಿಕಾಕ್ಷನ್ ಎಂಬುದು ರಾಯರ ಗಮನಕ್ಕೆ ಬಂದಿಲ್ಲ. ದೇವರ ವಿಷಯಕ್ಕೆ ಬಂದರೆ ಅವರಿಗೆ ಇನ್ನೂ ಸಲೀಸು. ನಮ್ಮ ಸರಸ್ವತಿ ಅಲ್ಲಿ ಬೆಂಜೈತೆನ್ ಆಗಿ ವೀಣೆಯ ಬದಲು ಬಿವಾ ನುಡಿಸುತ್ತಾಳೆ. ನಮ್ಮ ಗಣೇಶ ಕಾಂಗಿತೆನ್ ಆಗಿ ಟೋಕಿಯೊದ ಅಸಕುಸ ಪ್ರದೇಶದ ಮಾತ್ಸುಚಿಯಾಮ ಗುಡಿಯಲ್ಲಿ ಮೂಲಂಗಿಯ ನೈವೇದ್ಯ ಸ್ವೀಕರಿಸುತ್ತಾನೆ. ಎಷ್ಟೋ ಮನೆಗಳಲ್ಲಿ ಮಡಿ ಅಡುಗೆಗೆ ಸೇರಿಸದ ಮೂಲಂಗಿ! ಕಾಂಗಿತೆನ್ನನ ಮೂರ್ತಿಯನ್ನು ಸಾಮಾನ್ಯವಾಗಿ ಭಕ್ತರ ಕಣ್ಣಿಗೆ ತೋರಿಸದೆ ಮುಚ್ಚಿಡುತ್ತಾರಾದ್ದರಿಂದ, ಮೂರು ಲೆನ್ಸು ಹೊತ್ತು ಅಷ್ಟು ದೂರ ಹೋದ ರಾಯರಿಗೆ ದಕ್ಕುವುದು ಮೂಲಂಗಿಯ ಫೋಟೊ ಮಾತ್ರ. ದೊಡ್ಡಗಣಪತಿ ಗುಡಿಯಲ್ಲಿ ಬೆಣ್ಣೆ ಅಲಂಕಾರವನ್ನು ನೋಡಿ ಬೆಳೆದವರಿಗೆ ಇದು ಸ್ವಲ್ಪ ಸಪ್ಪೆ. ಆದರೆ ಅವರು ಒಪ್ಪಿಕೊಳ್ಳುವುದಿಲ್ಲ.

ಇದು ಹೊಸ ಹುಚ್ಚು, ಮೊಬೈಲು ತಂದ ಶೋಕಿ ಎನ್ನುವವರೂ ಇದ್ದಾರೆ. ಇತಿಹಾಸ ಬೇರೆಯೇ ಹೇಳುತ್ತದೆ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ ಅಲ್ಲಿಯ ಶಾಲೆ, ಕಾರ್ಖಾನೆಗಳನ್ನು ನೋಡಿಬಂದರು. ಅವರ ನಂತರ ಮೈಸೂರು ಸೀಮೆಯ ವಿದ್ಯಾವಂತ ಮನೆಗಳಲ್ಲಿ ಮಕ್ಕಳನ್ನು ಬೈಯುವಾಗ ‘ಜಪಾನಿನವರನ್ನು ನೋಡು’ ಎನ್ನುವುದು ವಾಡಿಕೆಯಾಗಿದ್ದರೆ ಆಶ್ಚರ್ಯವಿಲ್ಲ. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಆ ಲೆಕ್ಕದಲ್ಲಿ, ಎಚ್‌ಎಂಟಿ ಕಟ್ಟಿಕೊಂಡು ಆಫೀಸಿಗೆ ಹೋಗುತ್ತಿದ್ದ ರಾಯರ ತಂದೆಯವರ ಮಣಿಕಟ್ಟಿನ ಮೇಲೆ ಜಪಾನು ದಿನವೂ ಟಿಕ್‌ಟಿಕ್ ಎನ್ನುತ್ತಿತ್ತು. ಮೂಡಿಗೆರೆಯಲ್ಲಿ ತೇಜಸ್ವಿಯವರು ಒಂದು ಕೈಯಲ್ಲಿ ಕ್ಯಾಮರಾ ಹಿಡಿದು ಹಕ್ಕಿಗಳ ಹಿಂದೆ ಹೋದರೆ, ಇನ್ನೊಂದು ಕೈಯಲ್ಲಿ ಜಪಾನಿನ ಕೃಷಿಕ ಫುಕುವೋಕನ ಸಹಜ ಕೃಷಿಯ ಬಗ್ಗೆ ಪುಸ್ತಕ ಬರೆದರು. ಬನಶಂಕರಿ ಎರಡನೆಯ ಹಂತದಲ್ಲಿರುವ, 1971ರಲ್ಲಿ ಹುಟ್ಟಿದ ಸುಚಿತ್ರಾ ಫಿಲ್ಮ್ ಸೊಸೈಟಿ ತ್ಯಾಗರಾಜನಗರದಿಂದ ನಡೆದುಹೋಗುವಷ್ಟು ದೂರ. ಜಪಾನೀ ಚಿತ್ರನಿರ್ದೇಶಕ ಕುರೊಸಾವಾ ಹೆಸರನ್ನು ಈ ಭಾಗದ ಜನ ತಪ್ಪಿಲ್ಲದೆ ಉಚ್ಚರಿಸುವುದು ಇಂಥ ಸೊಸೈಟಿಗಳ ಪುಣ್ಯದಿಂದ. ಕುರೊಸಾವಾ 1957ರಲ್ಲಿ ‘ಮ್ಯಾಕ್‌ಬೆತ್’ ನಾಟಕವನ್ನು ನೋ ರಂಗಭೂಮಿಯ ನಡೆನುಡಿಗೆ ಒಗ್ಗಿಸಿ ‘ಥ್ರೋನ್ ಆಫ್ ಬ್ಲಡ್’ ಮಾಡಿದ. ನಮ್ಮ ಬಿ.ವಿ. ಕಾರಂತರು 1979ರಲ್ಲಿ ಅದೇ ‘ಮ್ಯಾಕ್‌ಬೆತ್’ಗೆ ಯಕ್ಷಗಾನದ ಹೆಜ್ಜೆ ಕಟ್ಟಿ ದೆಹಲಿಯಲ್ಲಿ ‘ಬರ್ನಮ್ ವನ’ ಆಡಿಸಿದರು. ಇಬ್ಬರಿಗೂ ಹೊಳೆದದ್ದು ಒಂದೇ ಉಪಾಯ.

ಸಮುರಾಯ್ ಅಂತೂ ನಮ್ಮ ಮೈಸೂರು ರಸ್ತೆಗೇ ಬಂದು ಹೋಗಿದ್ದಾನೆ. 1954ರ ‘ಸೆವೆನ್ ಸಮುರಾಯ್’ನಲ್ಲಿ ಡಕಾಯಿತರ ಕಾಟ ತಾಳಲಾರದ ರೈತರು ಊಟ ಹಾಕುತ್ತೇವೆಂದು ಹೇಳಿ ಏಳು ಕತ್ತಿವೀರರನ್ನು ಕರೆತರುತ್ತಾರೆ. ಅದರ ಎಳೆ ಹಾಲಿವುಡ್ಡಿನ ಕೌಬಾಯ್ ಚಿತ್ರಗಳನ್ನು ಹಾದು 1975ರ ‘ಶೋಲೆ’ಗೆ ಬಂತು. ‘ಶೋಲೆ’ ಚಿತ್ರೀಕರಣವಾದದ್ದು ಇಲ್ಲೇ ರಾಮನಗರದ ಬೆಟ್ಟಗಳಲ್ಲಿ. ಏಳು ಜನರ ಕೆಲಸವನ್ನು ಇಬ್ಬರಿಗೆ ವಹಿಸಿದ್ದರಲ್ಲಿ ಬೆಂಗಳೂರಿನ ಬೈಟು ಕಾಫಿಯ ಪ್ರಭಾವವಿದೆ ಎಂದು ರಾಯರು ವಾದಿಸಬಹುದು. ನಾನು ಅಷ್ಟು ದೂರ ಹೋಗಲಾರೆ. ಆದರೆ ಆ ಬೆಟ್ಟಗಳಿಗೆ ಹೋಗುವ ದಾರಿಯಲ್ಲೇ ಬಿಡದಿ ಸಿಗುತ್ತದೆ, ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಇದೆ ಎನ್ನುವುದನ್ನು ಯಾರೂ ಅಲ್ಲಗಳೆಯಲಾಗದು.

ಇನ್ನು ಕ್ಯಾಮರಾ. ಇಲ್ಲಿ ಎದುರುಮನೆಯವರ ಆಕ್ಷೇಪಕ್ಕೆ ಸ್ವಲ್ಪ ತೂಕ ಬರುತ್ತದೆ: ಇದು ಪ್ರೀತಿಯಲ್ಲ, ಖರೀದಿ. ರಾಯರ ಬ್ಯಾಗಿನಲ್ಲಿರುವ ಕ್ಯಾಮರಾ, ಲೆನ್ಸು, ಬ್ಯಾಟರಿಗಳ ಒಟ್ಟು ಬೆಲೆ ಮಗಳ ಮದುವೆಯ ಛತ್ರದ ಬಾಡಿಗೆಗೆ ಹತ್ತಿರ ಬರುತ್ತದೆ. ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಗೆ ಹೋಗಿ ಸೇವಂತಿಗೆ ರಾಶಿಯ ಮೇಲೆ ಬಗ್ಗುತ್ತಾರೆ. ‘ಸ್ವಾಮಿ, ತಗೊಳ್ಳೋ ಹಾಗಿದ್ರೆ ತಗೊಳ್ಳಿ, ಬೆಳಕಿಗೆ ಅಡ್ಡ ನಿಂತ್ಕೋಬೇಡಿ’ ಎಂದು ಹೂವಾಡಗಿತ್ತಿ ಗದರಿದಾಗ, ಬೆಳಕಿನ ಬಗ್ಗೆ ತಮಗಿಂತ ಆಕೆಗೇ ಹೆಚ್ಚು ಗೊತ್ತೆಂದು ಅವರಿಗೆ ಒಂದು ಕ್ಷಣ ಅನುಮಾನ ಬರುತ್ತದೆ. ಮುದುಕಿಯೊಬ್ಬಳ ಸುಕ್ಕುಗಟ್ಟಿದ ಕೈಯನ್ನು ಕಪ್ಪುಬಿಳುಪಿನಲ್ಲಿ ತೆಗೆದು ಅದರ ಕೆಳಗೆ ‘ವಾಬಿ ಸಾಬಿ’ (ಹಳತರಲ್ಲಿ, ಕೊರತೆಯಲ್ಲಿ ಚೆಲುವು ಕಾಣುವ ಜಪಾನೀ ದೃಷ್ಟಿ) ಎಂದು ಬರೆದು ಸಂಬಂಧಿಕರ ವಾಟ್ಸಾಪ್ ಗುಂಪಿಗೆ ಕಳಿಸುತ್ತಾರೆ. ಅದು ಯಾವುದೋ ತಿಂಡಿಯ ಹೆಸರಿರಬೇಕೆಂದು ಚಿಕ್ಕಮ್ಮ ‘ರೆಸಿಪಿ ಕಳಿಸೋ’ ಎನ್ನುತ್ತಾರೆ. ಜಪಾನ್ ಪ್ರವಾಸದಲ್ಲಿ ಅವರು ತೆಗೆಯುವುದು ಎಲ್ಲರೂ ತೆಗೆಯುವುದನ್ನೇ: ಫುಶಿಮಿ ಇನಾರಿಯ ಕೆಂಪು ಕಮಾನುಗಳು, ಅರಶಿಯಾಮದ ಬಿದಿರುಮೆಳೆ, 3,776 ಮೀಟರಿನ ಫುಜಿ ಪರ್ವತ. ಅಲ್ಲಿಯವರಿಗೂ ಈ ಭಕ್ತಿ ಸಾಕಾಗಿದೆ. ಲಾಸನ್ ಅಂಗಡಿಯ ಮಾಡಿನ ಮೇಲೆ ಫುಜಿ ಕೂತಂತೆ ಕಾಣುವ ಜಾಗದಲ್ಲಿ ಫೋಟೊ ತೆಗೆಯುವವರ ನೂಕುನುಗ್ಗಲು ತಾಳದೆ, ಫುಜಿಕವಾಗುಚಿಕೊ ಪಟ್ಟಣದವರು 2024ರ ಮೇ ತಿಂಗಳಲ್ಲಿ ಎರಡೂವರೆ ಮೀಟರ್ ಎತ್ತರ, 20 ಮೀಟರ್ ಉದ್ದದ ಕಪ್ಪು ತೆರೆಯನ್ನೇ ಕಟ್ಟಿದರು. ಕ್ಯೋಟೊದ ಗಿಯೋನ್ ಕೇರಿಯ ಖಾಸಗಿ ಓಣಿಗಳಿಗೆ ನುಗ್ಗುವ ಪ್ರವಾಸಿಗರಿಗೆ 10,000 ಯೆನ್ ದಂಡದ ಫಲಕ ಹಾಕಿದರು.

ಬರೀ ಖರೀದಿಯೇ ಆಗಿದ್ದರೆ ರಾಯರು ಊಟದ ಕಷ್ಟ ಏಕೆ ಪಡಬೇಕು, ಹೇಳಿ. ಜಪಾನಿನಲ್ಲಿ ತೊವ್ವೆಯಂತೆ ಕಾಣುವ ಮಿಸೊ ಸಾರಿನಲ್ಲೂ ಸಾಮಾನ್ಯವಾಗಿ ದಾಶಿ ಇರುತ್ತದೆ, ದಾಶಿಯಲ್ಲಿ ಒಣಮೀನಿನ ಚೂರು ಇರುತ್ತದೆ. ಆದ್ದರಿಂದ ರಾಯರ ಸೂಟ್‌ಕೇಸಿನಲ್ಲಿ ಅರ್ಧ ಭಾಗ ಟ್ರೈಪಾಡು, ಅರ್ಧ ಭಾಗ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ. ಗೊಜ್ಜಿನ ಎಣ್ಣೆ ಸೋರಿ ಲೆನ್ಸಿನ ಬಟ್ಟೆಗೆ ಹತ್ತಿದರೂ ಅವರು ಎದೆಗುಂದುವುದಿಲ್ಲ. ಮರಳಿ ಬಂದ ಮೇಲೆ ಐವತ್ತೈದರ ಮೇಲಿನ ವಯಸ್ಸಿನಲ್ಲಿ ಜಪಾನೀ ಭಾಷೆಯ ಎನ್‌5 ಪರೀಕ್ಷೆಗೆ ಕಟ್ಟಿ, ಹದಿನೆಂಟರ ಹುಡುಗಿಯರ ಪಕ್ಕದಲ್ಲಿ ಕೂತು ಅಕ್ಷರ ತಿದ್ದುತ್ತಾರೆ. ಎನ್‌5 ಅಂದರೆ ಐದು ಹಂತಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಎಂಬುದನ್ನು ಮನೆಯಲ್ಲಿ ಹೇಳಿಲ್ಲ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಕನ್ನಡಿಗರಿಗೆ ಅದು ಅಷ್ಟೇನೂ ದೂರದ ಭಾಷೆಯೂ ಅಲ್ಲ. ಖರೀದಿ ಮಾಡುವವನು ಪರೀಕ್ಷೆ ಬರೆಯುವುದಿಲ್ಲ. ಹಾಗಾಗಿ ಈ ಆಕ್ಷೇಪವನ್ನು ಮುಕ್ಕಾಲು ಪಾಲು ತಳ್ಳಿಹಾಕುತ್ತೇನೆ. ಉಳಿದ ಕಾಲು ಪಾಲನ್ನು ಸೂಟ್‌ಕೇಸಿನ ಆ ಟ್ರೈಪಾಡಿಗೆ ಬಿಟ್ಟಿದ್ದೇನೆ.

ಗಟ್ಟಿ ಆಕ್ಷೇಪವೊಂದು ಇನ್ನೂ ಇದೆ. ಕತ್ತಿ ಹಿಡಿದು ತಲೆ ಉರುಳಿಸುವ ಸಮುರಾಯ್ ಎಲ್ಲಿ, ಜಿರಳೆ ಕಂಡರೆ ಹೆಂಡತಿಯನ್ನು ಕೂಗುವ ತ್ಯಾಗರಾಜನಗರದ ನಿವೃತ್ತ ಅಧಿಕಾರಿ ಎಲ್ಲಿ? ಇಬ್ಬರಿಗೂ ಯಾವ ನಂಟು? ಇಲ್ಲೇ ನೋಡಿ ಸ್ವಾರಸ್ಯ ಇರುವುದು. 1603ರಲ್ಲಿ ತೊಕುಗಾವ ಆಳ್ವಿಕೆ ಶುರುವಾಗಿ ಸ್ವಲ್ಪ ಕಾಲದಲ್ಲೇ ಯುದ್ಧಗಳು ನಿಂತವು. 1868ರವರೆಗೆ, ಸುಮಾರು ಇನ್ನೂರೈವತ್ತು ವರ್ಷ, ಬಹುಪಾಲು ಸಮುರಾಯ್‌ಗಳು ಸೊಂಟದಲ್ಲಿ ಎರಡು ಕತ್ತಿ ಸಿಕ್ಕಿಸಿಕೊಂಡು ಮಾಡಿದ್ದು ಕಚೇರಿ ಕೆಲಸ: ಕಡತ, ಲೆಕ್ಕ, ಉಗ್ರಾಣದ ತಪಾಸಣೆ. ಸಂಬಳ ಅಕ್ಕಿಯ ಅಳತೆಯಲ್ಲಿ. ಹುದ್ದೆ ವಂಶಪಾರಂಪರ್ಯ, ಜಾತಿಯ ಹಮ್ಮು ಬೇಕಾದಷ್ಟು, ಕೈಯಲ್ಲಿ ಕಾಸು ಕಡಿಮೆ. ಮುಂದಲೆ ಬೋಳಿಸಿ ಹಿಂಗೂದಲು ಕಟ್ಟುತ್ತಿದ್ದ ಅವರ ಜುಟ್ಟನ್ನು ಬಿಡಬಹುದೆಂದು 1871ರಲ್ಲಿ ಸರ್ಕಾರ ಹೇಳಿತು. 1876ರಲ್ಲಿ ಕತ್ತಿ ಧರಿಸುವುದನ್ನೇ ನಿಷೇಧಿಸಿ, ಅಕ್ಕಿಯ ಸಂಬಳವನ್ನು ರದ್ದು ಮಾಡಿ, ಬದಲಿಗೆ ಇಡಿಗಂಟಾಗಿ ಸರ್ಕಾರಿ ಬಾಂಡು ಕೊಟ್ಟಿತು. ಅದನ್ನು ವಿಆರ್‌ಎಸ್ ಎನ್ನದೆ ಬೇರೇನೆನ್ನಬೇಕು? ಆ ಗಂಟನ್ನು ವ್ಯಾಪಾರಕ್ಕೆ ಹಾಕಿ ಕೈಸುಟ್ಟುಕೊಂಡ ಸಮುರಾಯ್‌ಗಳ ಮೇಲೆ ಜಪಾನಿನಲ್ಲಿ ಗಾದೆಯೇ ಹುಟ್ಟಿದೆ. ನಮ್ಮ ರಾಯರು ತಮ್ಮ ಗಂಟನ್ನು ಷೇರುಪೇಟೆಗೆ ಹಾಕಿದ ಕಥೆಯನ್ನು ಅವರ ಮನೆಯವರ ಬಾಯಲ್ಲೇ ಕೇಳಬೇಕು. ಗೋಡೆಯ ಫೋಟೊದಲ್ಲಿ ಜುಟ್ಟು ಬಿಟ್ಟು, ಕಚ್ಚೆಪಂಚೆ ಉಟ್ಟು, ಗಂಟುಮೋರೆ ಹಾಕಿ ನಿಂತ ಶಿರಸ್ತೇದಾರ ಮುತ್ತಾತನಿಗೂ ತೊಕುಗಾವ ಕಾಲದ ಸಮುರಾಯ್‌ಗೂ ನಡುವೆ ಇರುವ ವ್ಯತ್ಯಾಸ ಒಂದು ಕತ್ತಿಯದು ಮಾತ್ರ.

ಆ ಕತ್ತಿಯೂ ಎಷ್ಟೋ ಸಲ ಇರುತ್ತಿರಲಿಲ್ಲ ಎನ್ನುವುದನ್ನು ಸಮುರಾಯ್ ಚಿತ್ರಗಳೇ ಹೇಳುತ್ತವೆ. ನಿರ್ದೇಶಕ ಕೊಬಯಾಶಿಯ ‘ಹರಾಕಿರಿ’ಯಲ್ಲಿ (1962) ಕೆಲಸ ಕಳೆದುಕೊಂಡ ಯುವಕ ಮನೆಯವರ ಕಾಯಿಲೆಗಾಗಿ ತನ್ನ ಅಲಗನ್ನು ಮಾರಿರುತ್ತಾನೆ. ಒರೆಯಲ್ಲಿರುವುದು ಬಿದಿರು. ಅದರಿಂದಲೇ ಹೊಟ್ಟೆ ಸೀಳಿಕೊಳ್ಳುವಂತೆ ಧರ್ಮದ ಹೆಸರಿನಲ್ಲಿ ದೊಡ್ಡಮನೆಯವರು ಅವನನ್ನು ಬಲವಂತಪಡಿಸುತ್ತಾರೆ. ಯೋಜಿ ಯಾಮಾದಾ 2002ರಲ್ಲಿ ಮಾಡಿದ ‘ದಿ ಟ್ವಿಲೈಟ್ ಸಮುರಾಯ್’ನ ಸೇಬೆಯಿ ಉಗ್ರಾಣದ ಗುಮಾಸ್ತ. ಹೆಂಡತಿ ತೀರಿಕೊಂಡಿದ್ದಾಳೆ, ತಾಯಿಗೆ ಅರಳುಮರಳು, ಇಬ್ಬರು ಹೆಣ್ಣುಮಕ್ಕಳು. ಸಂಜೆ ಗಂಟೆ ಹೊಡೆದ ಕೂಡಲೇ ಸಹೋದ್ಯೋಗಿಗಳ ಪಾರ್ಟಿಗೆ ಕೈಮುಗಿದು ಮನೆಗೆ ಹೋಗುತ್ತಾನೆ, ರಾತ್ರಿ ಕೂತು ಕೀಟದ ಪಂಜರ ಹೆಣೆದು ನಾಲ್ಕು ಕಾಸು ಸಂಪಾದಿಸುತ್ತಾನೆ. ಅವನ ಒರೆಯಲ್ಲೂ ಇರುವುದು ಬಿದಿರೇ. ನಿಜವಾದ ಕತ್ತಿ ಹೆಂಡತಿಯ ಉತ್ತರಕ್ರಿಯೆಗೆ ಮಾರಿಹೋಗಿದೆ. ಈ ಮನುಷ್ಯನನ್ನು ಎಜೀಸ್ ಆಫೀಸಿನ ಸ್ಟಾಫ್ ಬಸ್ಸಿನಲ್ಲಿ ಕೂರಿಸಿದರೆ ಯಾರಿಗೂ ಗುರುತು ಹತ್ತುವುದಿಲ್ಲ. ಅಂದಮೇಲೆ ಶೋಕೇಸಿನ ಆ ಮೊಂಡು ಕತಾನಾ ಇತಿಹಾಸಕ್ಕೆ ತಕ್ಕುದಾಗಿಯೇ ಇದೆ.

ನನ್ನ ತಕರಾರು ಇರುವುದು ಇಲ್ಲಿಯೇ. ಈ ಚಿತ್ರಗಳು ಕತ್ತಿಯ ಧರ್ಮವನ್ನು ಹಾಡಿ ಹೊಗಳುವುದಿಲ್ಲ, ಅದರ ಟೊಳ್ಳನ್ನು ತೆರೆದು ತೋರಿಸುತ್ತವೆ. ‘ಸೆವೆನ್ ಸಮುರಾಯ್’ನಲ್ಲಿ ಏಳರಲ್ಲಿ ನಾಲ್ವರು ಸಾಯುತ್ತಾರೆ. ಕೊನೆಗೆ ರೈತರು ಹಾಡುತ್ತ ನಾಟಿ ಹಾಕುವಾಗ ಉಳಿದ ಮೂವರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ರಾಯರು ಇದನ್ನೆಲ್ಲ ನೋಡಿದ ಮೇಲೂ ಬೆಳಿಗ್ಗೆ ಎದ್ದು ಗುಂಪಿಗೆ ‘ಬುಷಿದೊ ಸುಪ್ರಭಾತ’ ಕಳಿಸುತ್ತಾರೆ: ಶಿಸ್ತು, ನಿಷ್ಠೆ, ತ್ಯಾಗ. ಮಡಿಯನ್ನು ಜಪಾನಿನಿಂದ ಮರಳಿ ತಂದ ಹಾಗೆಯೇ ಮಡಿಯ ಮೊಂಡುತನವನ್ನೂ ತಂದಿದ್ದಾರೆ. ಕುರೊಸಾವಾ, ಕೊಬಯಾಶಿ ಎತ್ತಿದ ಪ್ರಶ್ನೆಗಳನ್ನು ಮಾತ್ರ ಕಸ್ಟಮ್ಸಿನಲ್ಲೇ ಬಿಟ್ಟುಬಂದಿದ್ದಾರೆ. ಇಷ್ಟಾದರೂ ಅವರ ಪಕ್ಷದಲ್ಲಿ ಒಂದು ಮಾತು ಹೇಳಬೇಕು. ನೊರೆನ್ ಕಟ್ಟಿದ ಮೇಲೆ ಆ ಮನೆಯಲ್ಲಿ ಚಪ್ಪಲಿ ಜೋಡಿಸಿಡುವವರು, ತಟ್ಟೆ ತೊಳೆದಿಡುವವರು ಸ್ವತಃ ರಾಯರೇ. ಅವರ ತಾಯಿ ಮೂವತ್ತು ವರ್ಷ ಬೈದು ಮಾಡಿಸಲಾಗದ ಕೆಲಸ ಅದು.

ಆದ್ದರಿಂದ ನಿಮ್ಮ ಬೀದಿಯಲ್ಲೂ ಒಬ್ಬ ಸಮುರಾಯರಿದ್ದರೆ ಗೇಲಿ ಮಾಡಬೇಡಿ. ಫುಜಿಯ ಫೋಟೊಗಳನ್ನು ತೋರಿಸುತ್ತೇನೆಂದು ಅವರು ಕರೆದರೆ ಹೋಗಿ, ಆದರೆ ಫೋಟೊ ಮುಗಿದ ಮೇಲೆ ‘ದಿ ಟ್ವಿಲೈಟ್ ಸಮುರಾಯ್’ ಹಾಕಿ ಎಂದು ಕೇಳಿ. 129 ನಿಮಿಷದ ಚಿತ್ರ, ಏಳಕ್ಕೆ ಕೂತರೆ ಒಂಬತ್ತೂಕಾಲರ ಊಟಕ್ಕೆ ಎದ್ದೇಳಬಹುದು. ‘ಸೆವೆನ್ ಸಮುರಾಯ್’ ಹಾಕಿದರೆ 207 ನಿಮಿಷ. ಅದಕ್ಕೆ ಕುರೊಸಾವಾ ತಾನೇ ಮಧ್ಯಂತರ ಇಟ್ಟಿದ್ದಾನೆ, ಕಾಫಿ ಕೊಡುವ ಜವಾಬ್ದಾರಿ ರಾಯರದು.